ಪಾಸಿಕ್ಸ್ ಮಾನಕದ ‘ರೀಡ್’ ಪ್ರಕರಣ: ಒಂದು ಪಾಠವಿಮರ್ಶೆ

ಶಿಲಾಶಾಸನಗಳನ್ನು ಓದಲು ತೊಡಗುವವರಿಗೆ ಮೊದಲಲ್ಲಿಯೇ ಕಲಿಸತಕ್ಕ ವಿವೇಕವೊಂದುಂಟು. ಬರಹ ನಿಂತುಹೋದ ಎಡೆಯಲ್ಲಿ ಶಾಸನವು ಮುಗಿಯಿತೋ ಅಥವಾ ಕಲ್ಲು ಮುರಿಯಿತೋ ಎಂಬುದನ್ನು ನಿರ್ಧರಿಸದೆ ಮುಂದಕ್ಕೆ ಹೋಗಕೂಡದು. ಶಾಪಾಶಯವೂ ‘ಮಂಗಳ ಮಹಾಶ್ರೀ’ ಎಂಬ ಮುಕ್ತಾಯವೂ ಕಂಡುಬಂದರೆ ಪಾಠವು ಪೂರ್ಣವಾಯಿತೆನ್ನಬಹುದು; ಅವು ಇಲ್ಲದೆ ಕಲ್ಲಿನ ಅಂಚು ಒಡೆದಿದ್ದರೆ ಸಂಪಾದಕನು ‘ಮುಂದೆ ತ್ರುಟಿತ’ ಎಂದು ಗುರುತಿಸುತ್ತಾನೆ. ತ್ರುಟಿತವಾದುದನ್ನು ಪೂರ್ಣವೆಂದು ಅಚ್ಚು ಹಾಕಿದವನ ತಪ್ಪು ಅಕ್ಷರವೊಂದನ್ನು ತಪ್ಪಾಗಿ ಓದಿದವನ ತಪ್ಪಿಗಿಂತ ದೊಡ್ಡದು. ತಪ್ಪಾಗಿ ಓದಿದ ಅಕ್ಷರವನ್ನು ಮುಂದಿನವರು ತಿದ್ದಬಹುದು. ಇಲ್ಲಿಯಾದರೋ ತಿದ್ದಬೇಕಾದುದು ಒಂದಿದೆ ಎಂಬುದೇ ಅವರಿಗೆ ತಿಳಿಯದು.

ಇತಿಹಾಸ ವಿಭಾಗದ ಪತ್ರಿಕೆಯಲ್ಲಿ ಗಣಕಯಂತ್ರದ ವಿಷಯವೇಕೆ ಎಂದು ವಾಚಕರು ಕೇಳಬಹುದು. ನಮ್ಮ ಬಳಿಯಿದ್ದ ಪಡಿಯಚ್ಚುಗಳ ಛಾಯಾಚಿತ್ರಗಳನ್ನು ಹಳೆಯದೊಂದು ಡಿಸ್ಕಿನಿಂದ ಹೊಸದಕ್ಕೆ ಪ್ರತಿ ಮಾಡಿಸಿದ್ದೆವು. ಅದಕ್ಕೆಂದು ಪರಿಚಿತರೊಬ್ಬರು ಬರೆದುಕೊಟ್ಟ ಪುಟ್ಟ ಪ್ರೋಗ್ರಾಂ ಕೆಲಸವು ನಿರ್ವಿಘ್ನವಾಗಿ ಮುಗಿಯಿತೆಂದೇ ವರದಿ ಕೊಟ್ಟಿತು. ತಿಂಗಳುಗಳು ಕಳೆದ ಮೇಲೆ ನೋಡಿದರೆ ಕೆಲವು ಚಿತ್ರಗಳ ಕೆಳಭಾಗವು ಬರಿಯ ಬೂದುಬಣ್ಣವಾಗಿತ್ತು. ಹಳೆಯ ಡಿಸ್ಕು ನಡುವೆ ಎಲ್ಲಿಯೋ ಓದಗೊಡದೆ ಹೋದುದನ್ನು ಪ್ರೋಗ್ರಾಂ ಕಡತದ ಕೊನೆಯೆಂದು ಭಾವಿಸಿತ್ತು. ಕಲ್ಲು ಮುರಿದುದನ್ನು ಶಾಸನ ಮುಗಿದುದೆಂದು ಬಗೆದಿತ್ತು. ಬರೆದವರನ್ನು ವಿಚಾರಿಸಿದಾಗ ಅವರು ತಮ್ಮ ಸಮರ್ಥನೆಗೆ ಮಾನಕದ ಪುಟವನ್ನೇ ಮುಂದಿಟ್ಟರು. ಆ ಪುಟವನ್ನು ನಾವೂ ಓದಿದೆವು. ಅದು ಹೀಗೂ ಓದಬಹುದಾದ, ಹಾಗೂ ಓದಬಹುದಾದ ಪಾಠವೆಂದು ಕಂಡಿತು. ಹಾಗಿರುವಲ್ಲಿ ಅದರ ವಿಮರ್ಶೆ ನಮ್ಮ ವೃತ್ತಿಗೆ ಹೊರತಾದುದಲ್ಲ.

ವಿಷಯವನ್ನು ಸ್ವಲ್ಪ ಪೀಠಿಕೆಯೊಡನೆ ಹೇಳಬೇಕು. ಯಾವ ಪ್ರೋಗ್ರಾಮೂ ಡಿಸ್ಕನ್ನು ನೇರವಾಗಿ ಮುಟ್ಟುವುದಿಲ್ಲ. ‘ಈ ಕಡತದಿಂದ ಇಷ್ಟು ಬೈಟುಗಳನ್ನು ಓದಿಕೊಡು’ ಎಂದು ಆಪರೇಟಿಂಗ್ ಸಿಸ್ಟಮಿಗೆ ವಿನಂತಿ ಮಾಡುತ್ತದೆ. ಈ ಬಗೆಯ ವಿನಂತಿಗೆ ಸಿಸ್ಟಂ ಕಾಲ್ ಎಂದು ಹೆಸರು. ಓದುವ ವಿನಂತಿಯ ಹೆಸರು ‘ರೀಡ್’. ಉತ್ತರವಾಗಿ ಬರುವುದು ಒಂದೇ ಒಂದು ಸಂಖ್ಯೆ. ಅದು ಸೊನ್ನೆಗಿಂತ ಹೆಚ್ಚಾಗಿದ್ದರೆ ಅಷ್ಟು ಬೈಟುಗಳು ಬಂದಿವೆ. ಸೊನ್ನೆಯಾಗಿದ್ದರೆ ಕಡತ ಮುಗಿದಿದೆ. ಋಣ ಒಂದು ಆಗಿದ್ದರೆ ದೋಷ ಸಂಭವಿಸಿದೆ. ಯಾವ ದೋಷವೆಂಬುದನ್ನು ‘ಎರ್‌ನೋ’ ಎಂಬ ಬೇರೊಂದು ಸ್ಥಳದಲ್ಲಿ ನೋಡಿ ತಿಳಿಯತಕ್ಕದ್ದು. ಮುಗಿದುದು ಮತ್ತು ಮುರಿದುದು ಇವೆರಡರ ಭೇದವೆಲ್ಲವೂ ಸೊನ್ನೆಗೂ ಋಣ ಒಂದಕ್ಕೂ ಇರುವ ಅಂತರದಲ್ಲಿ ಅಡಗಿದೆ.

ಈ ವಿನಂತಿಯು ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಮೊದಲಾದವರು 1969ರಿಂದ ಕಟ್ಟಿದ ಯೂನಿಕ್ಸ್ ವ್ಯವಸ್ಥೆಯದು. ಅದರ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರಿನದು. ಏಳನೆಯ ಆವೃತ್ತಿ 1979ರ ಜನವರಿಯದು. ಆಮೇಲೆ ಈ ವ್ಯವಸ್ಥೆ ಕವಲೊಡೆಯಿತು. ಎಟಿ ಅಂಡ್ ಟಿ ಸಂಸ್ಥೆಯ ‘ಸಿಸ್ಟಂ ಫೈವ್’ ಒಂದು ಶಾಖೆಯಾದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಬೆಳೆದುದು ಇನ್ನೊಂದು. ಎರಡು ಶಾಖೆಗಳಲ್ಲಿಯೂ ನಡೆಯುವಂತಹ ಪ್ರೋಗ್ರಾಂ ಬರೆಯಲು ಸಾಧ್ಯವಾಗಬೇಕೆಂದು ಐಇಇಇ ಸಂಸ್ಥೆಯು 1988ರಲ್ಲಿ ಹೊರಡಿಸಿದ ಮಾನಕವೇ ಪಾಸಿಕ್ಸ್. 1990, 2001, 2008, 2024 ಮುಂತಾದ ವರ್ಷಗಳಲ್ಲಿ ಅದರ ಪರಿಷ್ಕರಣಗಳು ಬಂದಿವೆ. ಆದುದರಿಂದ ‘ಮಾನಕ ಹೀಗೆ ಹೇಳುತ್ತದೆ’ ಎಂದು ಯಾರಾದರೂ ಹೇಳಿದಾಗ ‘ಯಾವ ವರ್ಷದ ಪಾಠ?’ ಎಂದು ಕೇಳುವುದು ಮೊದಲ ಕರ್ತವ್ಯ.

ಎರಡನೆಯ ಕರ್ತವ್ಯವೆಂದರೆ ಈ ಗ್ರಂಥದ ಸ್ವರೂಪವನ್ನು ತಿಳಿಯುವುದು. ಆಚರಣೆಗೆ ಮುಂಚೆ ಹುಟ್ಟಿ ಆಚರಣೆಯನ್ನು ಆಳುವ ಶಾಸನ ಇದಲ್ಲ. ಅದಾಗಲೇ ನಡೆದುಕೊಂಡು ಬರುತ್ತಿದ್ದ ಎರಡು ಮನೆತನಗಳ ಸಂಪ್ರದಾಯಗಳನ್ನು ಒಂದು ಹಾಳೆಯ ಮೇಲೆ ಕೂಡಿಸಿದ ಒಡಂಬಡಿಕೆ ಇದು. ಒಮ್ಮತವಿದ್ದ ಎಡೆಯಲ್ಲಿ ‘ತಕ್ಕದ್ದು’ ಎಂದಿದೆ. ಒಮ್ಮತವಿಲ್ಲದ ಎಷ್ಟೋ ಎಡೆಗಳಲ್ಲಿ ‘ಬಹುದು’ ಎಂದಿದೆ. ಈ ‘ಬಹುದು’ ಎಂಬ ಕ್ರಿಯಾಪದವನ್ನು ಓದುವುದರಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಅದು ವ್ಯವಸ್ಥೆಯನ್ನು ಕಟ್ಟುವವನಿಗೆ ಕೊಟ್ಟ ಸ್ವಾತಂತ್ರ್ಯ. ಅದೇ ವಾಕ್ಯ ಪ್ರೋಗ್ರಾಂ ಬರೆಯುವವನ ಪಾಲಿಗೆ ಹೊರೆ: ಹಾಗಾದರೂ ಆಗಬಹುದು, ಆಗದೆಯೂ ಇರಬಹುದು, ಎರಡಕ್ಕೂ ಆತನು ಸಿದ್ಧನಾಗಿರತಕ್ಕದ್ದು. ಒಬ್ಬನಿಗೆ ‘ಬಹುದು’ ಎಂದಾದುದು ಇನ್ನೊಬ್ಬನಿಗೆ ‘ತಕ್ಕದ್ದು’ ಆಗುತ್ತದೆಂಬುದನ್ನು ಮಾನಕ ತನ್ನ ಪರಿಭಾಷೆಯ ಭಾಗದಲ್ಲಿ ಹೇಳುತ್ತದೆ ನಿಜ. ಆದರೆ ಪರಿಭಾಷೆಯನ್ನು ಓದಿ ಬಂದು ‘ರೀಡ್’ ಪುಟವನ್ನು ತೆರೆಯುವವರು ಎಷ್ಟು ಮಂದಿ?

ಇನ್ನು ಮುಖ್ಯ ವಿಚಾರಕ್ಕೆ ಬರೋಣ. ಕೇಳಿದುದು ನಾಲ್ಕು ಸಾವಿರ ಬೈಟು, ಬಂದುದು ಒಂದು ಸಾವಿರ. ಇದರ ಅರ್ಥವೇನು? ಮಾನಕದ ಪಾಠವು ಹೀಗೆ ಕಡಮೆಯಾಗಿ ಬರಬಹುದಾದ ಸಂದರ್ಭಗಳನ್ನು ಎಣಿಸಿ ಕೊಡುತ್ತದೆ: ಕಡತದಲ್ಲಿ ಉಳಿದುದೇ ಅಷ್ಟು ಆಗಿರುವುದು, ಓದುವಿಕೆಗೆ ಸಿಗ್ನಲ್ ಅಡ್ಡ ಬಂದಿರುವುದು, ಕಡತವೆಂಬುದು ನಿಜವಾದ ಕಡತವಾಗಿರದೆ ಪೈಪು ಅಥವಾ ವಿಶೇಷ ಸಾಧನವಾಗಿದ್ದು ಸದ್ಯಕ್ಕೆ ಅಷ್ಟೇ ಲಭ್ಯವಿರುವುದು. ನಮ್ಮ ಪರಿಚಿತರ ವಾದ ಇದನ್ನೇ ಹಿಡಿದುಕೊಂಡಿತ್ತು. ‘ನಮ್ಮದು ಡಿಸ್ಕಿನ ಮೇಲಿನ ಸಾಮಾನ್ಯ ಕಡತ, ಆದುದರಿಂದ ಮೂರನೆಯ ಕಾರಣ ಹೊಂದದು. ಸಿಗ್ನಲ್ ಬಂದಿರಲಿಲ್ಲ, ಎರಡನೆಯದೂ ಹೊಂದದು. ಉಳಿದುದು ಮೊದಲನೆಯದು. ಆದುದರಿಂದ ಕಡಮೆ ಬಂದರೆ ಕಡತ ಮುಗಿಯಿತೆಂದೇ ಅರ್ಥ, ಮತ್ತೆ ಕೇಳುವ ಅಗತ್ಯವಿಲ್ಲ.’ ತರ್ಕವೇನೋ ನಯವಾಗಿದೆ. ಇದನ್ನು ಒಪ್ಪುವ ಪಂಡಿತರೂ ಇದ್ದಾರೆ.

ಇಲ್ಲಿ ನಮ್ಮ ಮೀಮಾಂಸಕರ ವಿವೇಚನೆ ನೆರವಿಗೆ ಬರುತ್ತದೆ. ಐದು ಉಗುರುಳ್ಳ ಪ್ರಾಣಿಗಳಲ್ಲಿ ಇಂತಿಂತಹ ಐದನ್ನು ತಿನ್ನಬಹುದೆಂಬ ವಾಕ್ಯವಿದ್ದರೆ ಅದರ ತಾತ್ಪರ್ಯ ಆ ಐದನ್ನು ತಿನ್ನಿಸುವುದಲ್ಲ, ಉಳಿದವನ್ನು ನಿವಾರಿಸುವುದು. ಇದಕ್ಕೆ ಪರಿಸಂಖ್ಯೆಯೆಂದು ಹೆಸರು. ಆದರೆ ಎಣಿಕೆ ಕಂಡಲ್ಲೆಲ್ಲ ಪರಿಸಂಖ್ಯೆಯೆನ್ನುವುದಕ್ಕೆ ಅವರು ಒಪ್ಪುವುದಿಲ್ಲ. ಅದರಲ್ಲಿ ಮೂರು ದೋಷಗಳನ್ನು ಹೇಳುತ್ತಾರೆ. ಹೇಳಿದುದನ್ನು ಬಿಟ್ಟುಕೊಡಬೇಕಾಗುತ್ತದೆ, ಹೇಳದುದನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ, ಬೇರೆ ಕಡೆಯಿಂದ ಪ್ರಾಪ್ತವಾದುದನ್ನು ತಳ್ಳಿಹಾಕಬೇಕಾಗುತ್ತದೆ. ಮಾನಕದ ವಾಕ್ಯದಲ್ಲಿ ‘ಈ ಸಂದರ್ಭಗಳಲ್ಲಿ ಕಡಮೆಯಾಗಬಹುದು’ ಎಂದಿದೆಯೇ ಹೊರತು ‘ಈ ಸಂದರ್ಭಗಳಲ್ಲಿ ಮಾತ್ರ’ ಎಂದಿಲ್ಲ. ‘ಮಾತ್ರ’ ಎಂಬುದು ಓದುಗನು ತನ್ನ ಕೈಯಿಂದ ಸೇರಿಸಿದ ಪದ.

ಕೇವಲ ಶಬ್ದವಿಚಾರದಿಂದ ತೃಪ್ತರಾಗದವರು ಆಚರಣೆಯನ್ನು ನೋಡಬಹುದು. ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಒಂದು ಸಲದ ‘ರೀಡ್’ ಹೆಚ್ಚೆಂದರೆ 2,147,479,552 ಬೈಟುಗಳನ್ನು ಮಾತ್ರ ಕೊಡುತ್ತದೆ. ಅದರ ಕೈಪಿಡಿಯಲ್ಲಿಯೇ ಹೀಗೆಂದು ನಮೂದಿಸಿದ್ದಾರೆ. ಮುನ್ನೂರು ಕೋಟಿ ಬೈಟುಗಳ ಸಾಮಾನ್ಯ ಕಡತವನ್ನು ಒಂದೇ ಸಲಕ್ಕೆ ಕೇಳಿದರೆ ಕಡಮೆಯೇ ಬರುವುದು. ಕಡತ ಮುಗಿದಿಲ್ಲ, ಸಿಗ್ನಲ್ ಬಂದಿಲ್ಲ, ಪೈಪೂ ಅಲ್ಲ. ಮೂರು ಕಾರಣಗಳನ್ನೇ ಸಮಗ್ರವೆಂದು ನಂಬಿದವನ ಪ್ರೋಗ್ರಾಂ ಉಳಿದ ಎಂಬತ್ತೈದು ಕೋಟಿಗೂ ಮಿಕ್ಕ ಬೈಟುಗಳನ್ನು ಸದ್ದಿಲ್ಲದೆ ಕೈಬಿಡುತ್ತದೆ. ಇನ್ನೊಂದು ಸಂಗತಿ: ಓದುವಿಕೆಯ ನಡುವೆ ಡಿಸ್ಕು ಕೆಟ್ಟರೆ ಅದುವರೆಗೆ ಬಂದುದನ್ನು ಲೆಕ್ಕವಾಗಿ ಕೊಟ್ಟು ದೋಷವನ್ನು ಮುಂದಿನ ವಿನಂತಿಗೆ ತಿಳಿಸುವುದು ಲಿನಕ್ಸಿನ ರೂಢಿ. ಕಡಮೆ ಬಂದೊಡನೆ ನಿಲ್ಲಿಸಿದವನು ಆ ಮುಂದಿನ ವಿನಂತಿಯನ್ನು ಮಾಡುವುದೇ ಇಲ್ಲ. ದೋಷದ ವಾರ್ತೆ ಅವನಿಗೆ ಎಂದೆಂದಿಗೂ ತಲಪುವುದಿಲ್ಲ. ನಮ್ಮ ಚಿತ್ರಗಳ ಪೈಕಿ ಕೆಲವಕ್ಕೆ ಆದ ಗತಿ ಇದೇ ಇರಬೇಕು.

ಈ ವಿಷಯದಲ್ಲಿ ಏಳನೆಯ ಆವೃತ್ತಿಯ ಕೈಪಿಡಿಯೇ ಮೇಲೆಂದು ನಮ್ಮ ಅಭಿಪ್ರಾಯ. ಕೇಳಿದಷ್ಟೂ ಬರುವುದೆಂಬ ಭರವಸೆ ಇಲ್ಲವೆಂದು ಅದು ಒಂದೇ ಮಾತಿನಲ್ಲಿ ಹೇಳಿ, ಟೈಪ್‌ರೈಟರಿನಿಂದ ಓದುವಾಗ ಒಂದು ಸಾಲಿಗಿಂತ ಹೆಚ್ಚು ಬಾರದೆಂದು ಒಂದು ಉದಾಹರಣೆ ಕೊಟ್ಟು ಸುಮ್ಮನಾಗುತ್ತದೆ. ಉದಾಹರಣೆಯನ್ನು ಉದಾಹರಣೆಯೆಂದೇ ಕರೆದುದರಿಂದ ಯಾರೂ ಅದನ್ನು ಪಟ್ಟಿಯೆಂದು ತಿಳಿಯಲಿಲ್ಲ. ಮಾನಕವನ್ನು ರಚಿಸಿದವರು ಹೆಚ್ಚು ಸ್ಪಷ್ಟಪಡಿಸುವ ಉತ್ಸಾಹದಲ್ಲಿ ಕಾರಣಗಳನ್ನು ಎಣಿಸಿದರು. ಎಣಿಸಿದ ಮಾತ್ರಕ್ಕೆ ಎಣಿಕೆ ಪೂರ್ಣವೆಂಬ ಭ್ರಾಂತಿಗೆ ಎಡೆಗೊಟ್ಟರು. ಸೂತ್ರಕ್ಕಿಂತ ವೃತ್ತಿಯೇ ಕ್ಲಿಷ್ಟವಾದ ಪ್ರಸಂಗಗಳು ನಮ್ಮ ಶಾಸ್ತ್ರಗಳಲ್ಲಿಯೂ ಅಪರೂಪವಲ್ಲ.

ಸಿಗ್ನಲ್ ಅಡ್ಡ ಬರುವ ಪ್ರಕರಣವು ಇನ್ನೂ ರೋಚಕವಾದುದು. ಒಂದು ಬೈಟೂ ಬರುವ ಮೊದಲೇ ಸಿಗ್ನಲ್ ಬಂದರೆ ‘ರೀಡ್’ ಋಣ ಒಂದನ್ನು ಕೊಟ್ಟು ಎರ್‌ನೋದಲ್ಲಿ ‘ಈಇಂಟರ್’ ಎಂಬ ಚಿಹ್ನೆಯನ್ನು ಇರಿಸಬಹುದು. ಇದು ಹೆಸರಿಗೆ ದೋಷ. ವಸ್ತುತಃ ‘ನಡುವೆ ಕರೆ ಬಂತು, ಮತ್ತೊಮ್ಮೆ ಕೇಳು’ ಎಂಬ ಸೂಚನೆ. ಬರ್ಕ್ಲಿಯವರು 1983ರ ತಮ್ಮ 4.2 ಆವೃತ್ತಿಯಲ್ಲಿ ಇಂತಹ ಓದುವಿಕೆಯನ್ನು ವ್ಯವಸ್ಥೆಯೇ ಮರಳಿ ಆರಂಭಿಸುವಂತೆ ಮಾಡಿದರು. ಇನ್ನೊಂದು ಶಾಖೆಯವರು ಭಾರವನ್ನು ಪ್ರೋಗ್ರಾಂ ಬರೆಯುವವನ ಮೇಲೆಯೇ ಬಿಟ್ಟರು. ರಿಚರ್ಡ್ ಗೇಬ್ರಿಯಲ್ ಎಂಬ ವಿದ್ವಾಂಸರು ‘ಕೆಳಗಿನದೇ ಮೇಲು’ ಎಂಬರ್ಥದ ತಲೆಬರಹವುಳ್ಳ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಎಂಐಟಿಯವರೊಬ್ಬರೂ ಯೂನಿಕ್ಸ್ ಪಕ್ಷದವರೊಬ್ಬರೂ ಈ ಪ್ರಶ್ನೆಯನ್ನೇ ಚರ್ಚಿಸಿದ ಕಥೆಯನ್ನು ಹೇಳುತ್ತಾರೆ. ಕಥೆ ಸೊಗಸಾಗಿದೆ. ಆದರೆ ಅದು ದೃಷ್ಟಾಂತವೇ ಹೊರತು ಪ್ರಮಾಣವಲ್ಲ. ಅದನ್ನು ಇತಿಹಾಸದ ಆಧಾರವೆಂದು ಪಾಠಪುಸ್ತಕಗಳಲ್ಲಿ ಉದ್ಧರಿಸುವವರು ಸ್ವಲ್ಪ ಎಚ್ಚರಿಕೆ ವಹಿಸುವುದು ಲೇಸು.

ಅರ್ಧದಷ್ಟು ಬೈಟುಗಳು ಬಂದಮೇಲೆ ಸಿಗ್ನಲ್ ಬಂದರೇನು? ಸಿಸ್ಟಂ ಫೈವ್ ಪರಂಪರೆಯವರು ದೋಷವೆನ್ನುತ್ತಿದ್ದರು. ಬಂದಿದ್ದ ಅರ್ಧದ ಲೆಕ್ಕವೇ ಸಿಗುತ್ತಿರಲಿಲ್ಲ. ಬರ್ಕ್ಲಿಯವರು ಬಂದಷ್ಟನ್ನು ಎಣಿಸಿ ಕೊಡುತ್ತಿದ್ದರು. 1988ರ ಮಾನಕವು ಎರಡಕ್ಕೂ ಸಮ್ಮತಿ ಕೊಟ್ಟಿತು. ಧಾನ್ಯವು ವ್ರೀಹಿಯಾಗಲಿ ಯವವಾಗಲಿ ಆದೀತೆಂಬ ವಿಕಲ್ಪದ ಮಾದರಿ ಇದು. ಬೇರೆ ಗತಿಯಿಲ್ಲದಾಗ ಮಾತ್ರ ವಿಕಲ್ಪವನ್ನು ಒಪ್ಪಬೇಕು, ಏಕೆಂದರೆ ಅದು ಎಂಟು ದೋಷಗಳಿಂದ ಕೂಡಿದುದೆಂದು ಮೀಮಾಂಸಕರು ಹೇಳಿದ್ದಾರೆ. ಎಂಟನ್ನು ಎಣಿಸುವ ಗೋಜು ಇಲ್ಲಿ ಬೇಡ, ಒಂದೇ ಸಾಕು. ಸಿಸ್ಟಂ ಫೈವ್ ಬಗೆಯ ವ್ಯವಸ್ಥೆಯಲ್ಲಿ ‘ಮತ್ತೊಮ್ಮೆ ಕೇಳು’ ಎಂಬ ಸೂಚನೆಯನ್ನು ನಂಬಿ ಪೈಪಿನಿಂದ ಮತ್ತೊಮ್ಮೆ ಓದಿದವನಿಗೆ ಮೊದಲು ಬಂದ ಅರ್ಧ ಕೈತಪ್ಪಿಹೋಗಿರುತ್ತದೆ, ಎರಡನೆಯ ಅರ್ಧ ಮಾತ್ರ ದೊರೆಯುತ್ತದೆ. ವಿಧೇಯನಾಗಿ ನಡೆದವನಿಗೇ ನಷ್ಟ. 2001ರ ಪಾಠದಲ್ಲಿ ಈ ವಿಕಲ್ಪವನ್ನು ತೆಗೆದುಹಾಕಿ, ಏನಾದರೂ ಬಂದಿದ್ದ ಪಕ್ಷದಲ್ಲಿ ಲೆಕ್ಕವನ್ನೇ ಕೊಡತಕ್ಕದ್ದೆಂದು ವಿಧಿಸಿದರು. ಹದಿಮೂರು ವರ್ಷ ಎರಡು ಬಾಗಿಲೂ ತೆರೆದಿದ್ದುವು. ಆ ಅವಧಿಯಲ್ಲಿ ಬರೆದ ಪುಸ್ತಕಗಳು ಇಂದಿಗೂ ಕಾಲೇಜು ಗ್ರಂಥಾಲಯಗಳಲ್ಲಿವೆ. ಅವನ್ನು ಓದುವವರು ಅಚ್ಚಾದ ವರ್ಷವನ್ನು ಗಮನಿಸುವುದು ಒಳ್ಳೆಯದು. ಪೈಥಾನ್ ಎಂಬ ಭಾಷೆಯು 2015ರ ತನ್ನ 3.5 ಆವೃತ್ತಿಯಲ್ಲಿ ‘ಈಇಂಟರ್’ ಬಂದಾಗ ತಾನೇ ಮರಳಿ ಕೇಳುವ ಭಾರವನ್ನು ಹೊತ್ತುಕೊಂಡಿತು. 1983ರಲ್ಲಿ ಬರ್ಕ್ಲಿಯವರು ಕಂಡುಕೊಂಡ ಪರಿಹಾರವನ್ನು ಮೇಲಿನ ಮಹಡಿಯಲ್ಲಿ ಮತ್ತೆ ಕಟ್ಟಿದಂತಾಯಿತು.

ಸೊನ್ನೆಯ ಪಾವಿತ್ರ್ಯವನ್ನು ಮಾನಕ ಕಾಪಾಡಿದ ಒಂದು ಪ್ರಸಂಗವನ್ನೂ ಹೇಳುವುದು ನ್ಯಾಯ. ಕಾಯದೆ ಓದುವ ಕ್ರಮವೊಂದು ಹಿಂದಿನಿಂದ ಇತ್ತು: ಸದ್ಯಕ್ಕೆ ಏನೂ ಇಲ್ಲದಿದ್ದರೆ ತಡಮಾಡದೆ ಹಿಂದಿರುಗು ಎಂದು ಹೇಳಿ ಓದುವುದು. ಸಿಸ್ಟಂ ಫೈವ್‌ನಲ್ಲಿ ಹೀಗೆ ಹಿಂದಿರುಗಿದಾಗ ಸೊನ್ನೆಯೇ ಸಿಗುತ್ತಿತ್ತು. ‘ಇನ್ನೂ ಬಂದಿಲ್ಲ’ ಎಂಬುದಕ್ಕೂ ‘ಇನ್ನು ಬರುವುದಿಲ್ಲ’ ಎಂಬುದಕ್ಕೂ ಒಂದೇ ಉತ್ತರ! ಕನ್ನಡದಲ್ಲಿ ‘ಇನ್ನೂ’, ‘ಇನ್ನು’ ಎಂಬ ಹ್ರಸ್ವದೀರ್ಘಗಳ ಭೇದವಾದರೂ ಉಳಿಯುತ್ತದೆ; ಅಲ್ಲಿ ಅದೂ ಇರಲಿಲ್ಲ. ಪಾಸಿಕ್ಸ್ ರಚಿಸಿದವರು ಈ ಎಡೆಯಲ್ಲಿ ರಾಜಿ ಮಾಡಿಕೊಳ್ಳದೆ ಹೊಸ ಕ್ರಮವನ್ನೇ ಹೂಡಿ, ಋಣ ಒಂದೂ ‘ಈಅಗೇನ್’ ಎಂಬ ಚಿಹ್ನೆಯೂ ಬರತಕ್ಕದ್ದೆಂದು ವಿಧಿಸಿದರು. ಬೇಕೆಂದಾಗ ಒಡಂಬಡಿಕೆಯೂ ಶಾಸನವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ಹೀಗಿರುವಾಗ ಡಿಸ್ಕೇ ಕೆಟ್ಟ ಪ್ರಸಂಗದಲ್ಲಿ ಅವರು ತೋರಿದ ಸಡಿಲಿಕೆ ಆಶ್ಚರ್ಯಕರ. ‘ರೀಡ್’ ಪುಟದ ಕೊನೆಯಲ್ಲಿ ದೋಷಗಳನ್ನು ಎರಡು ವರ್ಗವಾಗಿ ಕೊಟ್ಟಿದ್ದಾರೆ. ಮೊದಲ ವರ್ಗದವು ಕಡ್ಡಾಯ. ಎರಡನೆಯ ವರ್ಗದವು ಐಚ್ಛಿಕ. ‘ಈಐಓ’ ಎಂಬ ಚಿಹ್ನೆ ಎರಡರಲ್ಲಿಯೂ ಕಾಣಿಸಿಕೊಳ್ಳುತ್ತದೆ. ಕಡ್ಡಾಯದ ವರ್ಗದಲ್ಲಿ ಅದು ಹಿನ್ನೆಲೆಯಲ್ಲಿ ನಡೆಯುವ ಪ್ರೋಗ್ರಾಂ ಟರ್ಮಿನಲ್ಲಿನಿಂದ ಓದಲು ಹೋದಾಗಿನ ತೊಡಕಿನ ಸಂದರ್ಭಕ್ಕೆ ಮೀಸಲು. ಸಾಧನವೇ ಕೆಟ್ಟಿತೆಂಬ ಭೌತಿಕ ದೋಷ ಇರುವುದು ಐಚ್ಛಿಕದ ವರ್ಗದಲ್ಲಿ. ಓದುಗನಿಗೆ ಅತ್ಯಂತ ಮುಖ್ಯವಾದ ವಾರ್ತೆಯನ್ನು ತಿಳಿಸಿದರೂ ಸರಿ, ತಿಳಿಸದಿದ್ದರೂ ಸರಿ ಎಂದಂತೆ ಕಾಣುತ್ತದೆ. ಯಂತ್ರಭಾಗವೇ ತನ್ನ ದೋಷವನ್ನು ಪತ್ತೆ ಮಾಡಲಾರದ ವ್ಯವಸ್ಥೆಗಳೂ ಇರಬಹುದೆಂದು ಹೀಗೆ ಮಾಡಿದ್ದಾರೆಂದು ಊಹಿಸಲು ಅವಕಾಶವಿದೆ. ಅದನ್ನು ಒಪ್ಪೋಣ. ಆದರೆ ಇದರಿಂದ, ದೋಷವನ್ನು ಪತ್ತೆ ಮಾಡಿಯೂ ಸೊನ್ನೆಯನ್ನು ಹಿಂದಿರುಗಿಸಲು ವ್ಯವಸ್ಥೆಗೆ ಅನುಮತಿ ದೊರೆಯಿತೆಂದು ಯಾರಾದರೂ ವಾದಿಸಿದರೆ ನಾವು ಒಪ್ಪಲಾರೆವು. ಕಡತದ ಕೊನೆಯಲ್ಲಿ ಅಥವಾ ಅದರಾಚೆ ಓದಿದಾಗ ಸೊನ್ನೆ ಬರತಕ್ಕದ್ದೆಂಬುದು ಅದೇ ಪುಟದ ವಿಧಿವಾಕ್ಯ; ಸೊನ್ನೆಗೆ ಅರ್ಥ ಬಂದಿರುವುದು ಆ ವಿಧಿಯಿಂದ. ‘ಬಹುದು’ ಎಂಬ ಅನುಮತಿಯು ‘ತಕ್ಕದ್ದು’ ಎಂಬ ವಿಧಿಯ ಅರ್ಥವನ್ನು ಕೆಡಿಸಲಾರದು. ಪುಟಕ್ಕೆ ಅಂಟಿಕೊಂಡ ಕಾರಣವಿವರಣೆಯ ಭಾಗದಿಂದ ಈ ಅಥವಾ ಆ ಪಕ್ಷಕ್ಕೆ ಬಲ ತರಲು ಯತ್ನಿಸುವವರಿಗೂ ಇದೇ ಉತ್ತರ. ಅದು ಅರ್ಥವಾದ, ವಿಧಿಯನ್ನು ತಿಳಿಯಲು ನೆರವಾಗುತ್ತದೆ, ವಿಧಿಯ ಸ್ಥಾನದಲ್ಲಿ ಕೂಡುವುದಿಲ್ಲ.

ಮಾನಕವನ್ನು ಇಷ್ಟು ಆಕ್ಷೇಪಿಸಿದ ಮೇಲೆ ನಮ್ಮ ಬೋಧನೆಯ ಕಡೆಗೂ ಒಮ್ಮೆ ನೋಡಬೇಕು. ಕರ್ನಿಗನ್ ಮತ್ತು ರಿಚಿ ಅವರ ಸಿ ಭಾಷೆಯ ಗ್ರಂಥ 1978ರದು, 1988ರಲ್ಲಿ ಪರಿಷ್ಕೃತವಾಯಿತು. ಅದರ ಎಂಟನೆಯ ಅಧ್ಯಾಯದಲ್ಲಿ ‘ರೀಡ್’ ಪರಿಚಯಕ್ಕೆಂದು ಕೊಟ್ಟ ಪ್ರತಿಮಾಡುವ ಪುಟ್ಟ ಪ್ರೋಗ್ರಾಮು, ಉತ್ತರವು ಸೊನ್ನೆಗಿಂತ ಹೆಚ್ಚಾಗಿರುವವರೆಗೂ ಓದುತ್ತದೆ, ಬರೆಯುತ್ತದೆ, ಆಮೇಲೆ ನಿಲ್ಲುತ್ತದೆ. ಸೊನ್ನೆಯಿಂದ ನಿಂತಿತೋ ಋಣ ಒಂದರಿಂದ ನಿಂತಿತೋ ಎಂದು ಕೇಳುವುದಿಲ್ಲ. ಋಣ ಒಂದೆಂದರೆ ದೋಷವೆಂಬುದನ್ನು ಗ್ರಂಥಕರ್ತರು ಅಲ್ಲಿಯೇ ಹೇಳಿದ್ದಾರೆ. ಪ್ರಾರಂಭದ ಉದಾಹರಣೆ ಸರಳವಾಗಿರಲೆಂದು ಪರೀಕ್ಷೆಯನ್ನು ಬಿಟ್ಟಿರಬೇಕು. ಅದರಲ್ಲಿ ತಪ್ಪೆಣಿಸುವಂತಿಲ್ಲ. ತಪ್ಪು ಅದನ್ನು ಕರಿಹಲಗೆಯ ಮೇಲೆ ಯಥಾವತ್ತಾಗಿ ಬರೆದು, ಮಾತಿನ ಭಾಗವನ್ನು ಬಿಟ್ಟು ಮುಂದಕ್ಕೆ ಹೋಗುವ ನಮ್ಮ ರೂಢಿಯಲ್ಲಿದೆ. ನಮ್ಮ ಪರಿಚಿತರ ಪ್ರೋಗ್ರಾಮಿನಲ್ಲಿ ಇದ್ದುದೂ ಇದೇ ಆವರ್ತ, ಕಡಮೆ ಬಂದರೆ ನಿಲ್ಲಿಸುವ ಆತುರವೊಂದು ಹೆಚ್ಚಾಗಿ.

‘ಎಫ್‌ಈಓಎಫ್’ ಎಂಬ ಪರೀಕ್ಷೆಯನ್ನು ಮುಂದಿಟ್ಟುಕೊಂಡು, ‘ಕೊನೆ ಬಾರದಿರುವವರೆಗೂ ಓದು’ ಎಂದು ಬರೆಯುವ ವಿದ್ಯಾರ್ಥಿಗಳನ್ನು ಪ್ರತಿ ವರ್ಷವೂ ಕಾಣುತ್ತೇವೆಂದು ಗಣಕವಿಜ್ಞಾನದ ಮಿತ್ರರು ಹೇಳುತ್ತಾರೆ. ಸಾಧನವು ಕೆಟ್ಟರೆ ಕೊನೆಯೆಂಬುದು ಬರುವುದೇ ಇಲ್ಲ. ಪ್ರೋಗ್ರಾಂ ಸುತ್ತುತ್ತಲೇ ಇರುತ್ತದೆ. ಒಂದು ವಿಧದಲ್ಲಿ ಈ ತಪ್ಪು ಮೊದಲಿನದಕ್ಕಿಂತ ಕ್ಷಮ್ಯ. ಸುತ್ತುವ ಪ್ರೋಗ್ರಾಂ ಕಣ್ಣಿಗೆ ಬೀಳುತ್ತದೆ. ಸುಮ್ಮನೆ ಮುಗಿಸಿದುದು ಬೀಳುವುದಿಲ್ಲ. ಡೈರೆಕ್ಟರಿಯಲ್ಲಿರುವ ಹೆಸರುಗಳನ್ನು ಒಂದೊಂದಾಗಿ ಓದುವ ‘ರೀಡ್‌ಡಿರ್’ ಎಂಬುದು ಇನ್ನೂ ಅಪಾಯಕರ. ಹೆಸರುಗಳು ಮುಗಿದರೂ ದೋಷ ಸಂಭವಿಸಿದರೂ ಅದು ಕೊಡುವುದು ಒಂದೇ ಶೂನ್ಯ. ಭೇದ ತಿಳಿಯಬೇಕಾದರೆ ಪ್ರತಿ ಸಲವೂ ಕೇಳುವ ಮುಂಚೆ ಎರ್‌ನೋವನ್ನು ನಾವೇ ಸೊನ್ನೆ ಮಾಡಿಟ್ಟು, ಶೂನ್ಯ ಬಂದಮೇಲೆ ಅದು ಬದಲಾಯಿತೇ ಎಂದು ನೋಡಬೇಕು. ನಾವೇ ಏಕೆ ಮಾಡಬೇಕೆಂದರೆ, ಯಾವ ಸಿಸ್ಟಂ ಕಾಲೂ ಯಶಸ್ವಿಯಾದ ಮಾತ್ರಕ್ಕೆ ಎರ್‌ನೋವನ್ನು ಒರಸುವುದಿಲ್ಲ. ಹಿಂದಿನ ಯಾವುದೋ ದೋಷದ ಹೆಸರು ಅಲ್ಲಿಯೇ ಉಳಿದಿರಬಹುದು. ಹೀಗೆ ಮಾಡದಿದ್ದರೆ ಒಂದು ಚಿತ್ರದ ಅರ್ಧವಲ್ಲ, ಒಂದು ತಾಲ್ಲೂಕಿನ ಶಾಸನಗಳ ಸಂಚಯವೇ ಹೆಸರಿಲ್ಲದೆ ಬಿಟ್ಟುಹೋಗಬಹುದು.

ನಮ್ಮ ಹಳೆಯ ಡಿಸ್ಕು ಪುಣ್ಯಕ್ಕೆ ಇನ್ನೂ ಕೈಯಲ್ಲಿತ್ತು. ಸೊನ್ನೆ ಬರುವವರೆಗೂ ಓದತಕ್ಕದ್ದು, ‘ಈಇಂಟರ್’ ಬಂದರೆ ಮತ್ತೆ ಕೇಳತಕ್ಕದ್ದು, ಬೇರಾವ ದೋಷ ಬಂದರೂ ಆ ಕಡತದ ಹೆಸರನ್ನು ದೋಷದ ಚಿಹ್ನೆಯೊಡನೆ ಬೇರೊಂದು ಪಟ್ಟಿಯಲ್ಲಿ ಬರೆಯತಕ್ಕದ್ದು ಎಂದು ಪ್ರೋಗ್ರಾಮನ್ನು ತಿದ್ದಿಸಿ ಮರಳಿ ಪ್ರತಿ ಮಾಡಿಸಿದೆವು. ಕೆಲವು ಚಿತ್ರಗಳು ಈ ಸಲ ಪೂರ್ಣವಾಗಿ ಬಂದುವು. ಉಳಿದವಕ್ಕೆ ‘ಈಐಓ’ ಎಂಬ ಉತ್ತರವೇ ಮತ್ತೆ ಮತ್ತೆ ಬಂತು. ಅವುಗಳ ಹೆಸರಿನ ಮುಂದೆ ‘ತ್ರುಟಿತ’ ಎಂದು ಬರೆದು, ಮೂಲ ಶಾಸನಗಳು ಯಾವ ಊರಿನಲ್ಲಿ ಯಾವ ಗುಡಿಯ ಬಳಿ ಇವೆಯೆಂಬುದನ್ನು ಸೂಚಿಸಿ ವಿಭಾಗದ ಸೂಚಿಯಲ್ಲಿ ಸೇರಿಸಿದ್ದೇವೆ. ಬೇಸಗೆಯ ರಜೆಯಲ್ಲಿ ಅವುಗಳ ಪಡಿಯಚ್ಚನ್ನು ಹೊಸದಾಗಿ ತೆಗೆಯಬೇಕಾಗಿದೆ.